ಕಣ್ಣು ಮುಚ್ಚಿ ಎತ್ತಿದ ಬೆರಳು

ಅಧಿಕಾರದ ಆಸೆ ಇಲ್ಲದವರು ಯಾರಿದ್ದಾರೆ ಹೇಳಿ? ಹಾವೇರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಮಾತನ್ನು ವಾರದ ಆರು ದಿನ ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಂತೂ ಇವತ್ತು ಯಾವ ಪಲ್ಯ ಎಂದು ತೀರ್ಮಾನಿಸುವ ಹಕ್ಕೂ ನನಗಿರಲಿಲ್ಲ. ಅದಕ್ಕೇ ಎಂಬತ್ತರ ದಶಕದ ಕೊನೆಯಲ್ಲಿ ನಾನು ಭಾನುವಾರದ ಕ್ರಿಕೆಟ್ ಅಂಪೈರ್ ಆದೆ. ಬಿಳಿ ಕೋಟು ಪರಿಚಯದ ಕಾಂಪೌಂಡರನದು. ಅದನ್ನು ತೊಟ್ಟು ಬಸ್ಸು ಹತ್ತಿದರೆ ಯಾರಾದರೊಬ್ಬ ಅಜ್ಜಿ ಮೊಣಕಾಲು ತೋರಿಸಿ ಗುಳಿಗೆ ಕೇಳುವುದು ಖಾತ್ರಿ. ನಾನೂ ಗಂಭೀರವಾಗಿ, "ಬಿಸಿನೀರಿನ ಶಾಖಾ ಕೊಡ್ರಿ" ಎನ್ನುತ್ತಿದ್ದೆ. ತೀರ್ಪು ಕೊಡುವ ಚಟ ಹತ್ತಿದವನಿಗೆ ಆಟವಾದರೇನು, ಮೊಣಕಾಲಾದರೇನು!

ನನ್ನ ಹೆಸರು ಬೆಳಗಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ವ್ಯಾಪಾರಿಗಳ ತಂಡಕ್ಕೂ ಹಮಾಲರ ತಂಡಕ್ಕೂ ಫೈನಲ್. ಹಮಾಲರು ಗೆಲ್ಲಲು ಎರಡೇ ರನ್ನು ಬೇಕು, ಉಳಿದದ್ದು ಒಂದೇ ವಿಕೆಟ್, ಆಡುತ್ತಿದ್ದವನು ಬಸಪ್ಪ. ಬೌಲರ್ ಓಡಿಬರುವುದಕ್ಕೂ ಮಾರುಕಟ್ಟೆಯ ಕಡೆಯಿಂದ ಘಾಟು ಬೀಸುವುದಕ್ಕೂ ಸರಿಹೋಯಿತು. "ಆಕ್ಷೀ!" ಎಂದು ನಾನು ಸೀನಿ ಕಣ್ಣು ತೆರೆದಾಗ ಚೆಂಡು ಕೀಪರನ ಕೈಯಲ್ಲಿತ್ತು. ಬ್ಯಾಟಿಗೆ ತಗುಲಿ ಬಂತೋ, ತಗುಲದೇ ಬಂತೋ ದೇವರೇ ಬಲ್ಲ. ವ್ಯಾಪಾರಿಗಳ ತಂಡವಿಡೀ ನನ್ನತ್ತ ಕೈಚಾಚಿ ಕೂಗುತ್ತಿತ್ತು. ನೋಡಲಿಲ್ಲ ಎನ್ನಬಹುದಿತ್ತು. ಹಾಗಂದರೆ ಕೋಟಿನ ಮರ್ಯಾದೆ ಏನಾಗಬೇಕು? ಬೆರಳು ಎತ್ತಿಬಿಟ್ಟೆ.

ಬಸಪ್ಪ ಹತ್ತಿರ ಬಂದು ಮೆಲ್ಲಗೆ, "ಸಾಹೇಬ್ರ, ನೀವು ಸೀನಾಕತ್ತಿದ್ರಿ. ಏನ್ ನೋಡಿದ್ರಿ?" ಎಂದ.

"ಅಂಪೈರ್ ಹೇಳಿದ್ದೇ ಆಖೈರು," ಎಂದೆ. ಅವನು ತಲೆ ತಗ್ಗಿಸಿ ಹೋದ.

ವ್ಯಾಪಾರಿಗಳು ನನಗೆ ಹಾರ ಹಾಕಿ, ಹದ್ದಿನ ಕಣ್ಣಿನವರೆಂದು ಮೈಕಿನಲ್ಲಿ ಹೊಗಳಿದರು. ರಾಣೆಬೆನ್ನೂರು, ಗುತ್ತಲಗಳಿಂದಲೂ ಕರೆ ಬರತೊಡಗಿತು. ಆದರೆ ನನಗೆ ಊಟ ಸೇರಲಿಲ್ಲ. ವಿಷಯ ತಿಳಿದ ಹೆಂಡತಿ, "ತಪ್ಪಾಗಿದ್ರ ಹೋಗಿ ಹೇಳಿ ಬರ್ರಿ. ರೊಟ್ಟಿ ಮ್ಯಾಲ ಯಾಕ ಸಿಟ್ಟು?" ಎಂದಳು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ, ಬ್ಯಾಡಗಿಯ ಮಾರುಕಟ್ಟೆಗೆ ಹೋದೆ.

ಬಸಪ್ಪ ಬೆನ್ನ ಮೇಲಿನ ಚೀಲ ಇಳಿಸಿ, ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿ ನಕ್ಕುಬಿಟ್ಟ. "ಕುಂದ್ರಿ, ಚಹಾ ಕುಡೀರಿ. ಖರೇ ಹೇಳ್ತೇನ್ರಿ, ಚೆಂಡು ಬ್ಯಾಟಿಗೆ ಹತ್ತಿತ್ತು. ನೀವು ನೋಡಿಲ್ಲಂತ ಗೊತ್ತಾತು, ಅದಕ್ಕ ಒಂದ್ ಕೈ ನೋಡೋಣಂತ ಕೇಳಿದ್ನಿ."

ಆಮೇಲೆ ಹತ್ತು ವರ್ಷ ಅಂಪೈರ್ ಆಗಿದ್ದೆ. ನನ್ನ ತೀರ್ಪು ಸರಿಯೆಂದು ಔಟಾದವನೇ ಒಪ್ಪಿಕೊಂಡದ್ದು ಅದೊಂದೇ. ಕಣ್ಣು ತೆರೆದು ಕೊಟ್ಟ ಉಳಿದವುಗಳನ್ನು ಯಾರೂ ಕೆದಕದಿದ್ದರೆ ಸಾಕು.