ಬೀರುವಿನ ಕೀ ಮತ್ತು ನನ್ನ ಸೊಂಟ

ಬೆಳಿಗ್ಗೆ ದೇವರ ಮುಂದೆ ಐದು ನಿಮಿಷ ಕಣ್ಣು ಮುಚ್ಚಿ ಕೂರದೆ ನಾನು ಒಲೆ ಹಚ್ಚುವವಳಲ್ಲ. ಈಗ ಮೂರು ದಿನದಿಂದ ಕೂರುವುದೇನೋ ಸರಿ, ಏಳಿಸುವುದಕ್ಕೆ ದೇವರೇ ಬಂದು ಕೈ ಹಿಡಿಯಬೇಕು. ಸೊಂಟ ಹಾಗೆ ಹಿಡಿದುಕೊಂಡಿತ್ತು. ಆದರೂ ಪ್ರಾರ್ಥನೆ ನನಗಾಗಿ ಅಲ್ಲ. "ನಮ್ಮವರಿಗೆ ಸ್ವಲ್ಪ ಜ್ಞಾಪಕಶಕ್ತಿ ಕೊಡಪ್ಪಾ" ಎಂದಷ್ಟೇ.

ವಿಷಯ ಇಷ್ಟು. ಭಾನುವಾರ ಅಕ್ಕನ ಮನೆಗೆ ಹೊರಟಾಗ ನನ್ನ ಅಮ್ಮನ ಕಾಲದ ಬೀರುವಿಗೆ ಬೀಗ ಹಾಕಿ ಕೀಯನ್ನು ಇವರ ಕೈಗೆ ಕೊಟ್ಟೆ. ಇವರು ಕಳೆದುಹಾಕಿದರು. (ವರ್ಷಕ್ಕೆ ಮೂರು ಕೊಡೆ ಕಳೆಯುವವರಿಗೆ ಒಂದು ಕೀ ಯಾವ ಲೆಕ್ಕ?)

"ನನ್ನ ಕೈಗೆ ಕೊಟ್ಟೇ ಇಲ್ಲ ಕಣೇ!"

"ಕೊಟ್ಟೆ ರೀ! ದೇವರಾಣೆ ಕೊಟ್ಟೆ!"

ಆಣೆ ಇಟ್ಟ ಮೇಲೆ ಹಿಂದೆ ಸರಿಯುವುದುಂಟೆ? ಮಂಚದ ಕೆಳಗೆ, ಸೋಫಾದ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ ಬಗ್ಗಿ ಬಗ್ಗಿ ಹುಡುಕಿದವಳು ನಾನು. ಇವರು ಕುರ್ಚಿಯಲ್ಲಿ ಕೂತು, "ಶುಕ್ರವಾರ ಬೀಗದವನು ಬರ್ತಾನೆ. ಬಾಗಿಲು ಕತ್ತರಿಸಿದರಾಯ್ತು" ಎಂದರು. ಅಮ್ಮನ ಬೀರುವನ್ನು ಕತ್ತರಿಸುವುದು! ಆ ಮಾತಿಗೇ ಸೊಂಟ ಇನ್ನೊಮ್ಮೆ ಚಳಕ್ಕೆಂದಿತು.

ಗುರುವಾರ ಡಾಕ್ಟರು ಎಕ್ಸ್-ರೇಗೆ ಬರೆದುಕೊಟ್ಟರು.

"ಮೈಮೇಲೆ ಸರ, ಪಿನ್ನು, ಲೋಹದ್ದು ಏನಾದ್ರೂ ಇದ್ಯಾ ಅಮ್ಮ?" ಎಂದಳು ಎಕ್ಸ್-ರೇ ತೆಗೆಯುವಾಕೆ.

"ಎಲ್ಲ ಬಿಚ್ಚಿಟ್ಟಿದ್ದೀನಮ್ಮ. ನಾನು ಸುಳ್ಳು ಹೇಳೋಳಲ್ಲ. ಸುಳ್ಳು ಹೇಳೋರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ."

ಸ್ವಲ್ಪ ಹೊತ್ತಿಗೆ ಆಕೆ ಇವರನ್ನೂ ಒಳಗೆ ಕರೆದಳು. ಬೆಳಕಿನ ಫಲಕದ ಮೇಲೆ ನನ್ನ ಬೆನ್ನುಮೂಳೆ. ಅದರ ನಟ್ಟನಡುವೆ, ಹಲ್ಲುಗಳ ಸಮೇತ, ಅಮ್ಮನ ಬೀರುವಿನ ಕೀ.

ಬಸ್ಸಿನ ಕಳ್ಳರಿಗೆ ಸಿಗಬಾರದೆಂದು ಒಳಲಂಗಕ್ಕೆ ನಾನೇ ಹೊಲಿದುಕೊಂಡಿದ್ದ ಗುಪ್ತ ಜೇಬು! ಭಾನುವಾರ ಉಟ್ಟಿದ್ದ ಲಂಗವನ್ನೇ ಒಗೆದು ಒಣಗಿಸಿ ಈ ದಿನ ಮತ್ತೆ ಉಟ್ಟು ಬಂದಿದ್ದೆ. (ಗುಪ್ತವೆಂದರೆ ಅಷ್ಟು ಗುಪ್ತ.)

ಇವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಮೂಳೆಗೆ ಏನೂ ಆಗಿಲ್ಲ ತಾನೆ?" ಎಂದು ಆಕೆಯನ್ನು ಕೇಳಿದರು. ಅಷ್ಟೇ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

"ಕೀ ಮುಚ್ಕೊಂಡು ಸರಿಯಾಗಿ ಕಾಣ್ತಿಲ್ಲ. ತೆಗೆದಿಟ್ಟು ಬನ್ನಿ ಅಮ್ಮ, ಇನ್ನೊಂದು ತೆಗೆದುಕೊಡ್ತೀನಿ, ದುಡ್ಡೇನೂ ಬೇಡ" ಎಂದಳು ಆ ಪುಣ್ಯಾತ್ಮೆ.

"ಬೇಡ ತಾಯಿ," ಎಂದೆ. "ನೋವು ಯಾಕೆ ಬಂತು ಅಂತ ಇದರಲ್ಲೇ ಕಾಣ್ತಿದೆ."