ಹನ್ನೊಂದು ಸಾವಿರದ ನಾಲ್ಕುನೂರು ಇರುವೆಗಳ ಹಸ್ತಾಂತರ

೧೯೫೬ನೆಯ ಇಸವಿ ನವೆಂಬರ್ ಒಂದನೆಯ ತಾರೀಖು ಸುರಪುರದ ಹತ್ತಿರದ ದೇವಾಪುರದಲ್ಲಿದ್ದ ಧಾನ್ಯ ನಮೂನೆ ಕಚೇರಿಯು ಹೈದರಾಬಾದ್ ಸರ್ಕಾರದಿಂದ ಮೈಸೂರು ಸರ್ಕಾರಕ್ಕೆ ಹಸ್ತಾಂತರವಾಯಿತು. ಕಚೇರಿಯ ಸಂಗಡ ಎರಡು ಮೇಜು, ಮೂರು ಕುರ್ಚಿ, ಒಂದು ತಕ್ಕಡಿ, ನಿಂತ ಗಡಿಯಾರ ಒಂದು, ಜೋಳ, ತೊಗರಿ, ಶೇಂಗಾ, ಬೆಲ್ಲಗಳ ನಮೂನೆ ಚೀಲ ನಲವತ್ತೊಂದು ಮತ್ತು ಇರುವೆಗಳು ಹನ್ನೊಂದು ಸಾವಿರದ ನಾಲ್ಕುನೂರು ಹಸ್ತಾಂತರವಾದವು.

ಇರುವೆಗಳನ್ನು ಎಣಿಸಿದವನು ನಾನು. ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಈ ಕಚೇರಿಗೆ ಹಂಗಾಮಿ ಗುಮಾಸ್ತನಾಗಿ ಬಂದು ನಾಲ್ಕು ತಿಂಗಳಾಗಿತ್ತು.

ಎಣಿಸಲು ಕಾರಣ ಒಂದು ಸುತ್ತೋಲೆ. ಕಚೇರಿಯಲ್ಲಿರುವ ಸಜೀವ ಹಾಗೂ ನಿರ್ಜೀವ ಸ್ವತ್ತನ್ನೆಲ್ಲ ಪಟ್ಟಿ ಮಾಡತಕ್ಕದ್ದು ಎಂದು ಅದರಲ್ಲಿತ್ತು. ಸಜೀವ ಎಂದದ್ದು ಎತ್ತು, ಕುದುರೆ ಇದ್ದ ಕಚೇರಿಗಳಿಗಾಗಿ. ನಮ್ಮಲ್ಲಿ ಎರಡೂ ಇರಲಿಲ್ಲ. ‘ಇಲ್ಲ’ ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ಹಿರಿಯ ಗುಮಾಸ್ತ ಖಾಜಾಹುಸೇನ ಸಾಹೇಬರು ೧೯೪೮ರ ಹಸ್ತಾಂತರವನ್ನೂ ಕಂಡವರು. ಆಗ ಒಂದು ಇಲಿಬೋನು ಪಟ್ಟಿಯಲ್ಲಿತ್ತು, ಅದರೊಳಗಿನ ಇಲಿ ಪಟ್ಟಿಯಲ್ಲಿರಲಿಲ್ಲ. ಆ ಇಲಿ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಅವರು ಆರು ವರ್ಷ ಉತ್ತರ ಬರೆದಿದ್ದರು.

“ಇರವಿಗೆ ಜೀವ ಅದನೋ ಇಲ್ಲೋ?” ಎಂದು ನನ್ನನ್ನು ಕೇಳಿದರು.

“ಅದರಿ.”

“ಹಂಗಾದ್ರ ಎಣಸ್ರಿ. ಸೈನ್ಸ್ ಓದೀರಿ, ಸುಮ್ಮನ ಕುಂತೀರಿ.”

ಗೂಡು ಹೊಸ್ತಿಲಿನ ಬಿರುಕಿನಲ್ಲಿತ್ತು. ಅಲ್ಲೊಂದು ಮೊಳೆ ನೆಟ್ಟು, ನನ್ನ ಕೈಗಡಿಯಾರದ ಹತ್ತು ನಿಮಿಷದಲ್ಲಿ ಅದನ್ನು ದಾಟಿದವನ್ನು ಮೂರು ಸಲ ಎಣಿಸಿ, ಸರಾಸರಿ ತೆಗೆದು, ಒಳಗೆ ಉಳಿದವುಗಳ ಅಂದಾಜು ಸೇರಿಸಿದೆ. ನೂರಕ್ಕೆ ಎಂಟು ಹೆಚ್ಚುಕಡಿಮೆ ಇರಬಹುದೆಂದು ಅಡಿಟಿಪ್ಪಣಿ ಬರೆದೆ. ಖಾಜಾಹುಸೇನರು ಅದನ್ನು ಹೊಡೆದುಹಾಕಿದರು. “ಹೆಚ್ಚುಕಮ್ಮಿ ಅಂತ ಬರದ್ರ ಕೊಟ್ಟವ್ರಿಗೂ ಸಂಶಯ, ತಗೊಂಡವ್ರಿಗೂ ಸಂಶಯ,” ಎಂದರು.

ಪಟ್ಟಿ, ಖಾಜಾಹುಸೇನರ ಮಾತಿನಲ್ಲಿ ಫೆಹರಿಸ್ತು, ಉರ್ದುವಿನಲ್ಲಿತ್ತು. ಅಧಿಕಾರ ವಹಿಸಿಕೊಳ್ಳಲು ಹಾಸನದ ಕಡೆಯಿಂದ ಬಂದ ಮಹಾದೇವಪ್ಪನವರಿಗೆ ಉರ್ದು ಬರುತ್ತಿರಲಿಲ್ಲ. ಅವರು ಪ್ರತಿ ಪುಟದ ಕೆಳಗೂ ‘ಎಲ್ಲ ಸರಿಯಾಗಿದೆ’ ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿದರು. ಇರುವೆಗಳು ಇಪ್ಪತ್ತಮೂರನೆಯ ಸಾಲಿನಲ್ಲಿದ್ದವು.

ಕಚೇರಿಯಿದ್ದದ್ದು ರೇಣಮ್ಮನವರ ಮನೆಯಲ್ಲಿ. ಅವರ ಗಂಡ ಬೀರಣ್ಣ ವರ್ಷದ ಹೆಚ್ಚು ದಿನ ಕುರಿಹಿಂಡಿನ ಸಂಗಡ ಅಡವಿಯಲ್ಲಿರುತ್ತಿದ್ದರು. ಪಡಸಾಲೆ ಕಚೇರಿಗೆ, ಮೂಡಣದ ಖೋಲಿ ಅಧಿಕಾರಿಯ ವಾಸಕ್ಕೆ ಬಾಡಿಗೆಗಿದ್ದವು. ತೆಂಕಣದಲ್ಲಿ ರೇಣಮ್ಮನವರ ಅಡಿಗೆಮನೆ, ಬಡಗಣದಲ್ಲಿ ದನದ ಕೊಟ್ಟಿಗೆ. ಇರುವೆಗಳ ಹೊಸ್ತಿಲು ಪಡಸಾಲೆಗೂ ಅಡಿಗೆಮನೆಗೂ ನಡುವೆ ಇತ್ತು.

ನವೆಂಬರ್ ಕೊನೆಗೆ ರೇಣಮ್ಮನವರಿಗೆ ರಾಮಸಮುದ್ರದಿಂದ ಸುದ್ದಿ ಬಂತು. ಅವರ ಒಬ್ಬಳೇ ಮಗಳು ಮಲ್ಲಿಕಮ್ಮನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಅವಳ ಅತ್ತೆ ಶೇಖಮ್ಮ ಹೋದ ಯುಗಾದಿಗೆ ಇಲ್ಲಿ ಬಂದು ಮಲಗಿ, ಕಿವಿಯೊಳಗೆ ಇರುವೆ ಹೊಕ್ಕು ಊರೆಲ್ಲ ಎಬ್ಬಿಸಿದವರು. ‘ಇರವಿ ಮನಿಗೆ ಸೊಸಿನ ಕಳಸಂಗಿಲ್ಲ. ಎಳ್ಳಮಾಸಿಯೊಳಗ ಇರವಿ ಹೋದ್ರ ಬಾಣಂತನ ನಿಮ್ಮಲ್ಲಿ, ಇಲ್ಲಂದ್ರ ನಮ್ಮಲ್ಲೇ’ ಎಂದು ಹೇಳಿಕಳಿಸಿದ್ದರು. ಎಳ್ಳಮಾವಾಸ್ಯೆಗೆ ಇನ್ನೊಂದು ತಿಂಗಳಿತ್ತು.

ಮರುದಿನ ಮುಂಜಾನೆಯೇ ರೇಣಮ್ಮನವರು ಒಂದು ಕೊಡ ನೀರು ಮರಳಿಸಿ ಹೊಸ್ತಿಲಿನ ಬಿರುಕಿಗೆ ಸುರಿದರು. ಖಾಜಾಹುಸೇನರು ಕುರ್ಚಿಯಿಂದ ಎದ್ದು ನಿಂತರು.

“ರೇಣಮ್ಮಕ್ಕಾ, ಏನ್ ಮಾಡಾಕತ್ತೀರಿ?”

“ಇರವಿ ಸಾಯಸಾಕತ್ತೀನಿ. ಕಾಣವಲ್ದೇನು?”

“ಅವು ಫೆಹರಿಸ್ತಿನಾಗ ಅದಾವ!”

“ಎಲ್ಲೇ ಇರ್ಲಿ, ನನ್ನ ಬೆಲ್ಲದ ಗಡಗಿಯಾಗ ಇರಬಾರ್ದು.”

ಸತ್ತವು ಮುನ್ನೂರ ನಲವತ್ತು. ಅವನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿ ಮಹಾದೇವಪ್ಪನವರ ಮುಂದಿಟ್ಟೆವು. ಅವರು ಲಕೋಟೆಯನ್ನು ತಿರುಗಿಸಿ ನೋಡಿದರು.

“ಇರುವೆಗಳನ್ನ ಲೆಕ್ಕಕ್ಕೆ ತಗೊಂಡಿದ್ದೀವಾ? ಯಾರ್ರೀ ಸಹಿ ಮಾಡಿದ್ದು?”

“ತಾವೇ, ಹುಜೂರ್. ಎಲ್ಲ ಸರಿಯಾಗಿದೆ ಅಂತ ಸ್ವಂತ ಕೈಲೆ ಬರ್ದೀರಿ.”

ಮಹಾದೇವಪ್ಪನವರು ನೀರು ಕುಡಿದರು. ಆಮೇಲೆ ಅವರು ಇರುವೆಗಳ ಬಗ್ಗೆ ನಗಲಿಲ್ಲ. ಅಂದೇ ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿತು:

‘ಈ ಕಚೇರಿಯ ಸಜೀವ ಸ್ವತ್ತಿಗೆ ಬಿಸಿನೀರು, ಹೊಗೆ, ಕಸಬರಿಗೆ ಅಥವಾ ಹೆಬ್ಬೆರಳಿನಿಂದ ಹಾನಿ ಮಾಡತಕ್ಕದ್ದಲ್ಲ. ಅಚಾತುರ್ಯದಿಂದ ಕಾಲಡಿ ಸಿಕ್ಕು ಸತ್ತಲ್ಲಿ, ತುಳಿದವರು ಯಾವ ಕಾಲು ಎಂಬುದನ್ನು ನಮೂದಿಸಿ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸತಕ್ಕದ್ದು.’

ಓದು ಬಾರದ ರೇಣಮ್ಮನವರಿಗೆ ಖಾಜಾಹುಸೇನರೇ ಅದನ್ನು ಎರಡು ಸಲ ಓದಿ ಹೇಳಿದರು.

“ಮನಿ ನಂದು, ಹೊಸ್ತಿಲಾ ನಂದು, ನೀರು ನಂದು, ಕಟ್ಟಿಗಿ ನಂದು. ಇರವಿ ಅಷ್ಟೇ ನಿಮ್ದಾ?”

“ಸರ್ಕಾರದ್ದು, ಅಕ್ಕಾ.”

“ಹಂಗಾದ್ರ ಸರ್ಕಾರ ನನ್ನ ಬೆಲ್ಲ ಯಾಕ ತಿಂತದ?”

ಖಾಜಾಹುಸೇನರು ಯೋಚಿಸಿ, “ಅದು ಬ್ಯಾರೆ ಫೈಲಿನ ಮಾತು,” ಎಂದರು.

ಆದರೂ ಮಹಾದೇವಪ್ಪನವರಿಗೆ ಕನಿಕರವಿತ್ತು. ಇರುವೆಗಳನ್ನು ನಾಶಪಡಿಸಲು ಅನುಮತಿ ಕೋರಿ ಮೇಲಿನ ಕಚೇರಿಗೆ ಬರೆದರು. ಗಡಿಯಾರದ ದುರಸ್ತಿಗೆ ಬರೆದ ಪತ್ರಕ್ಕೆ ಏಳು ವರ್ಷದಿಂದ ಉತ್ತರವಿರಲಿಲ್ಲ. ಇದಕ್ಕೆ ಹನ್ನೆರಡನೆಯ ದಿನ ಬಂತು:

‘ಇರುವೆಗಳಿಗೆ ಪ್ರತ್ಯೇಕ ನಿಯಮ ಇಲ್ಲದ ಕಾರಣ ಸಿಬ್ಬಂದಿಯ ನಿಯಮವೇ ಅನ್ವಯಿಸುತ್ತದೆ. ಹಿಂದಿನ ಹೈದರಾಬಾದ್ ಸರ್ಕಾರದ ಯಾರನ್ನೂ ಅವರ ಇಚ್ಛೆ ಕೇಳದೆ ತೆಗೆಯುವಂತಿಲ್ಲ. ಆ ರಾಜ್ಯ ಹಂಚಿಹೋದ ಆಂಧ್ರ, ಮುಂಬಯಿ, ಮೈಸೂರು ಈ ಮೂರರಲ್ಲಿ ಯಾವ ರಾಜ್ಯಕ್ಕೆ ಸೇರಲು ಬಯಸುತ್ತವೆ ಎಂದು ವಿಚಾರಿಸಿ ವರದಿ ಮಾಡತಕ್ಕದ್ದು.’

ವಿಚಾರಿಸುವ ವಿಧಾನವನ್ನು ನನಗೆ ಬಿಟ್ಟರು. ಹೊಸ್ತಿಲಿನಿಂದ ಸಮನಾದ ದೂರದಲ್ಲಿ ಮೂರು ದಿಕ್ಕಿಗೆ ಮೂರು ತಟ್ಟೆ, ಪ್ರತಿ ತಟ್ಟೆಯಲ್ಲಿ ಒಂದು ತೊಲ ಬೆಲ್ಲ ಎಂದು ಗೊತ್ತುಮಾಡಿದೆ. ರೇಣಮ್ಮನವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

“ತಮ್ಮಾ, ಮೈಸೂರು ಯಾ ಕಡಿ ಬರ್ತದ?”

“ತೆಂಕಣಕ್ಕರಿ.”

“ಅಂದ್ರ ನನ್ನ ಅಡಿಗಿಮನಿ. ಮುಂಬಯಿ?”

“ಕೊಟ್ಟಿಗಿ ಕಡಿ.”

“ಆಂಧ್ರ?”

“ಮೂಡಣಕ್ಕ. ಸಾಹೇಬ್ರ ಖೋಲಿ.”

ಅವರು ಖೋಲಿಯ ಕಡೆಗೊಮ್ಮೆ ನೋಡಿದರು. ಅಲ್ಲಿ ಮಹಾದೇವಪ್ಪನವರ ತಾಯಿ ಊರಿನಿಂದ ಕಳಿಸಿದ ಕೊಬ್ಬರಿ ಮಿಠಾಯಿಯ ಡಬ್ಬಿ ಇತ್ತು. ಅದರ ಮುಚ್ಚಳ ಸಡಿಲವಿದ್ದದ್ದು ಕಸ ಗುಡಿಸುವ ರೇಣಮ್ಮನವರಿಗೆ ಗೊತ್ತಿತ್ತು.

“ಯಾ ಕಡಿಗೆ ಹೋಗಬೇಕಂತ ಇರವೀನೇ ಹೇಳ್ಬೇಕಲ್ಲ?”

“ಅವೇ ಹೇಳ್ಬೇಕ್ರಿ.”

“ಹೇಳ್ತಾವ ಬಿಡು,” ಎಂದು ಒಳಗೆ ಹೋದರು.

ಎಳ್ಳಮಾಸಿಗೆ ಒಂಬತ್ತು ದಿನ ಉಳಿದಿತ್ತು. ಅವರು ಆ ಸಂಜೆ ಮಾಡಿದ್ದನ್ನು ನಾನು ಕ್ರಮವಾಗಿ ಬರೆದಿಟ್ಟಿದ್ದೇನೆ. ಬೆಲ್ಲದ ಗಡಿಗೆಯನ್ನು ನೆಲುವಿಗೆ ಏರಿಸಿದರು. ಇರುವೆಗಳು ಅಡಿಗೆಮನೆಯಲ್ಲಿ ಸಾಲುಗಟ್ಟುತ್ತಿದ್ದ ದಾರಿಯನ್ನು ಅಂಟವಾಳದ ನೊರೆನೀರಿನಿಂದ ಮೂರು ಸಲ ಒರೆಸಿದರು. ವಾಸನೆ ಅಳಿದರೆ ಇರುವೆಗೆ ದಾರಿ ಮರೆಯುತ್ತದೆ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ. ಅವರು ಓದಿರಲಿಲ್ಲ. ಕೊನೆಗೆ ಹೊಸ್ತಿಲಿನ ತಮ್ಮ ಬದಿಗೆ ದಪ್ಪಗೆ ಅರಿಶಿಣ ಬಳಿದು, ಅದರ ಹಿಂದೆ ಸುಣ್ಣದ ಪುಡಿಯ ರಂಗೋಲಿ ಎಳೆದರು. ಗೆರೆಯ ಅಗಲ ನಾಲ್ಕು ಬೆರಳು.

ಇದು ಪ್ರಭಾವ ಬೀರಿದಂತಾಗುವುದಿಲ್ಲವೇ ಎಂದು ನಾನು ಹಿರಿಯರನ್ನು ಕೇಳಿದೆ. ಖಾಜಾಹುಸೇನರು ಕನ್ನಡಕ ಏರಿಸಿ ರಂಗೋಲಿಯನ್ನು ಪರಿಶೀಲಿಸಿದರು. “ಹೊಸ್ತಿಲಕ್ಕ ಅರಿಶಿಣ ಹಚ್ಚಬಾರ್ದು ಅಂತ ಯಾ ರಾಜ್ಯದಾಗೂ ಕಾನೂನಿಲ್ಲ. ಭಾಳ ಚಂದ ಬಂದದ, ಅಕ್ಕಾ,” ಎಂದರು.

ಮರುದಿನ ಮುಂಜಾನೆ ಎಂಟಕ್ಕೆ ವಿಚಾರಣೆ ಶುರುವಾಯಿತು. ಎಂಟೂಕಾಲಿಗೆ ಮುಂಬಯಿಯ ತಟ್ಟೆಯನ್ನು ಆಕಳು ನೆಕ್ಕಿತು. ಮುಂಬಯಿ ಸೇರಬಯಸುವವರು ಇಲ್ಲ ಎಂದು ನಮೂದಾಯಿತು. ಮೈಸೂರಿನ ಕಡೆಗೆ ಹೊರಟ ಎಂಬತ್ತಾರು ಇರುವೆಗಳು ಅರಿಶಿಣದ ಗೆರೆಯವರೆಗೆ ಹೋಗಿ, ಮೀಸೆ ಆಡಿಸಿ, ಮರಳಿದವು. ಆಂಧ್ರದ ಸಾಲು ಹನ್ನೊಂದು ಗಂಟೆಗೆ ತಟ್ಟೆ ಮುಟ್ಟಿತು, ಸಂಜೆಗೆ ತಟ್ಟೆ ದಾಟಿ ಖೋಲಿ ಸೇರಿತು. ಅಡಿಗೆಮನೆಯ ದಾರಿ ಕಟ್ಟಾಗಿತ್ತು, ಖೋಲಿಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ನಾಲ್ಕನೆಯ ದಿನ ಬಿಳಿ ತತ್ತಿಗಳನ್ನು ಹೊತ್ತುಕೊಂಡು ಸಂಸಾರ ಸಮೇತ ಹೋದವು. ಹೊಸ್ತಿಲಿನ ಬಿರುಕು ಬರಿದಾಯಿತು. ರೇಣಮ್ಮನವರು ಅದಕ್ಕೆ ಹಸಿಮಣ್ಣು ಮೆತ್ತಿದರು.

ಎಲ್ಲ ಇರುವೆಗಳೂ ಆಂಧ್ರವನ್ನು ಬಯಸಿವೆ, ಈಗಾಗಲೇ ಅಧಿಕಾರಿಯ ಖೋಲಿಯವರೆಗೆ ತಲುಪಿವೆ ಎಂದು ವರದಿ ಹೋಯಿತು. ಮೇಲಿನ ಕಚೇರಿ ಮೆಚ್ಚುಗೆ ಸೂಚಿಸಿ ಉತ್ತರ ಬರೆಯಿತು:

‘ಆಂಧ್ರದವರು ಬಂದು ಬರಮಾಡಿಕೊಳ್ಳುವವರೆಗೆ, ಸದರಿ ಇರುವೆಗಳು ತಂಗಿರುವ ಹನ್ನೆರಡು ಅಡಿ ಉದ್ದ ಒಂಬತ್ತು ಅಡಿ ಅಗಲದ ಸ್ಥಳವನ್ನು ಆಂಧ್ರವೆಂದೇ ಭಾವಿಸತಕ್ಕದ್ದು. ಅಲ್ಲಿಗೆ ಹೋಗಿಬರುವ ನೌಕರರು ಪ್ರವಾಸದ ದಿನಚರಿ ಬರೆಯತಕ್ಕದ್ದು.’

ಬೇರೆ ವಾಸಸ್ಥಳ ಬೇಕೆಂದು ಮಹಾದೇವಪ್ಪನವರು ಅರ್ಜಿ ಹಾಕಿದರು. ಆಂಧ್ರದಲ್ಲಿ ವಾಸಿಸುವವರು ಅರ್ಜಿಯನ್ನು ಆಂಧ್ರಕ್ಕೆ ಸಲ್ಲಿಸಬೇಕೆಂದು ಅದು ಮರಳಿ ಬಂತು. ಅವರು ಮಂಚದ ನಾಲ್ಕು ಕಾಲನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿಕೊಂಡು ಮಲಗತೊಡಗಿದರು. ಕಡೆಗೆ ಅಡಿಗೆಮನೆಯ ಬಾಗಿಲಿಗೆ ಬಂದರು.

“ಅಮ್ಮಾ, ನಿಮ್ಮ ಕಡೆ ಒಂದೂ ಇಲ್ವಂತೆ. ನನ್ನ ಕೋಣೇಲೂ ಒಂದು ರಂಗೋಲಿ ಹಾಕಿಕೊಡಿ.”

ರೇಣಮ್ಮನವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

“ಅಯ್ಯ ಸಾಹೇಬ್ರ, ಪರರಾಜ್ಯದಾಗ ನಾ ಹ್ಯಾಂಗ ರಂಗೋಲಿ ಹಾಕ್ಲಿ? ನಾಳಿಗೆ ನೀವೇ ನೋಟೀಸು ಹಚ್ತೀರಿ.”

ಎಳ್ಳಮಾಸಿಯ ಮುಂದಿನ ಸೋಮವಾರ ಮಲ್ಲಿಕಮ್ಮ ತವರಿಗೆ ಬಂದಳು. ಫೆಬ್ರುವರಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಶೇಖಮ್ಮನವರು ರಾಮಸಮುದ್ರದಿಂದ ಬಂದು, ಕೂಸಿಗಿಂತ ಮೊದಲು ಮನೆಯ ಮೂಲೆಮೂಲೆ ನೋಡಿದರು. ತೊಟ್ಟಿಲಿನ ಹಗ್ಗವನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಿಂದ ಸವರಿದರು. ಒಂದೂ ಸಿಗಲಿಲ್ಲ. ಆಮೇಲೆ ಕೂಸನ್ನು ಎತ್ತಿಕೊಂಡರು.

“ಎಲ್ಲಾರೂ ಬಂದಾರ. ನಿಮ್ಮ ದೊಡ್ಡ ಸಾಹೇಬ್ರು ಎಲ್ಲೆದಾರ?” ಎಂದು ಕೇಳಿದರು.

“ಆಂಧ್ರಕ್ಕ ಹೋಗ್ಯಾರ್ರಿ, ಬೀಗತಿ,” ಎಂದರು ರೇಣಮ್ಮ. “ಅಂಗಿ ಬದಲಿ ಮಾಡ್ಕೊಂಡು ಈಗ ಬರ್ತಾರ.”

ಮಹಾದೇವಪ್ಪನವರು ತೋಳು ಕೊಡವುತ್ತ, ಕುತ್ತಿಗೆ ಕೆರೆಯುತ್ತ ಖೋಲಿಯಿಂದ ಹನ್ನೊಂದು ಹೆಜ್ಜೆ ನಡೆದು ಪಡಸಾಲೆಗೆ ಬಂದರು. ಮೇಜಿನ ಮೇಲಿನ ದಿನಚರಿಯಲ್ಲಿ ‘ಆಂಧ್ರದಿಂದ ಮರಳಿದೆ. ಅಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದು ಸಹಿ ಮಾಡಿದರು. ಖಾಜಾಹುಸೇನರು ನಿಂತ ಗಡಿಯಾರ ನೋಡಿ ವೇಳೆ ನಮೂದಿಸಿದರು.

ಶೇಖಮ್ಮನವರು ಕೂಸನ್ನು ಮಡಿಲಿಗೆ ಸರಿಸಿಕೊಂಡು ಚಾಪೆಯ ಮೇಲೆ ಜಾಗ ಬಿಟ್ಟರು.

“ಪಾಪ, ದೂರದಿಂದ ಬಂದೀರಿ. ಮೊದ್ಲು ಕುಂತು ನೀರು ಕುಡೀರಿ,” ಎಂದರು.