ಕಾಕಾ ಸಾಕಿದ ಮೂರು ಗಿಡ

ನಮ್ಮ ಕಾಕಾನಿಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಂಪು ದೀಪದಲ್ಲಿ ಮಾತ್ರ ಅಚಲ ಶ್ರದ್ಧೆ! ಮ್ಯೂನಿಕ್ ಪಕ್ಕದ ಗಾರ್ಕಿಂಗ್‌ನಲ್ಲಿ ಹಿಮ ಬೀಳುತ್ತಿರುವಾಗ, ಒಂದು ಸೈಕಲ್ಲೂ ಸುಳಿಯದ ರಸ್ತೆಯ ಅಂಚಿನಲ್ಲಿ, ಹಸಿರು ದೀಪ ಹತ್ತಲೆಂದು ಕೈಕಟ್ಟಿ ನಿಂತ ಮುದುಕನೊಬ್ಬ ಕಂಡರೆ ಅವನು ನಮ್ಮ ಕಾಕಾನೇ. ನಾನು ದಾಟಲು ಕಾಲೆತ್ತಿದರೆ ಜಡೆ ಹಿಡಿದು ಜಗ್ಗುತ್ತಾನೆ. "ಯಾರೂ ಇಲ್ಲಲ್ಲ ಕಾಕಾ" ಎಂದರೆ, "ನಾವು ಇದ್ದೀವಲ್ಲವಾ" ಎನ್ನುತ್ತಾನೆ.

ವಿಜಯಪುರದಿಂದ ಬಂದು, ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಮೇಲೆ ಎಕ್ಸ್‌ರೇ ಹಾಯಿಸುತ್ತಲೇ ತಲೆಕೂದಲು ಬಿಳಿ ಮಾಡಿಕೊಂಡವನು. ನಿವೃತ್ತನಾದ ಮೇಲೆ ಅವನ ಓದು ಏನೆಂದುಕೊಂಡಿರಿ? ಕಾನೂನು! ನಾವು ಪತ್ತೇದಾರಿ ಕಾದಂಬರಿ ಓದುವ ಹಾಗೆ ಓದುತ್ತಾನೆ. ನಡುನಡುವೆ ನಗುತ್ತಾನೆ ಕೂಡ. ಗಾಂಜಾ ಕಾನೂನು ಬಂದ ವರ್ಷವಂತೂ ಅವನಿಗೆ ಹಬ್ಬ. ದೊಡ್ಡವರು ಮನೆಯಲ್ಲಿ ಮೂರು ಗಿಡ ಬೆಳೆಸಿಕೊಳ್ಳಬಹುದು ಎಂದು ಬರ್ಲಿನ್‌ನ ಕೇಂದ್ರ ಸರ್ಕಾರ ಹೇಳಿತು. ನಮ್ಮ ಬವೇರಿಯಾ ರಾಜ್ಯಕ್ಕೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಕೇಂದ್ರದ ಕಾನೂನನ್ನು ಅಳಿಸುವಂತಿಲ್ಲ, ಸುಮ್ಮನಿರಲೂ ಮನಸ್ಸಿಲ್ಲ. ಅಲ್ಲಿ ಸೇದಬೇಡಿ, ಇಲ್ಲಿ ಸೇದಬೇಡಿ, ಬಿಯರ್ ಗಾರ್ಡನ್ ಹತ್ತಿರವಂತೂ ಸುಳಿಯಲೇಬೇಡಿ ಎಂದು ಪಟ್ಟು ಹಿಡಿಯಿತು. ಮಾವ "ಮನೆ ನಿನ್ನದೇ ಮಗಳೇ" ಎಂದರೂ ಅತ್ತೆ ಅಡುಗೆಮನೆಯ ಕೀಲಿ ಸೊಂಟದಿಂದ ಬಿಚ್ಚದ ಹಾಗೆ! ಲೀಟರುಗಟ್ಟಲೆ ಬಿಯರ್ ಇಳಿಸುವ ಜನ ಒಂದು ಎಲೆಗೇಕೆ ಇಷ್ಟು ಬೆದರುತ್ತಾರೆ ಎಂಬುದು ನನ್ನ ಕುತೂಹಲ. ಕೇಂದ್ರ ಒಂದು ಹೇಳಿ ರಾಜ್ಯ ಇನ್ನೊಂದು ಹೇಳಿದರೆ ಒಳ್ಳೆಯ ಮನುಷ್ಯ ಯಾರ ಮಾತು ಕೇಳಬೇಕು ಎಂಬುದು ಕಾಕಾನ ಕುತೂಹಲ. ಬಹಳ ಯೋಚಿಸಿ ಅವನೇ ತೀರ್ಪು ಕೊಟ್ಟ: ಇಬ್ಬರದೂ ಕೇಳಬೇಕು. ಕಾಫಿಯನ್ನೂ ಅರ್ಧ ಕಪ್ಪಿಗೆ ನಿಲ್ಲಿಸುವ ಮನುಷ್ಯನಿಗೆ ಇದರಿಂದ ಆಗಬೇಕಾದ್ದು ಏನೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಆ ಮನೆಯಲ್ಲಿ ನನಗೆ ಆಗಬೇಕಾದದ್ದು ಮಾತ್ರ ಬಹಳ ಇತ್ತು. ನಾನು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಶನಿವಾರ ಭಾನುವಾರ ಕಾಕಾನ ಹೆಂಡತಿ, ನಮ್ಮ ಕಾಕೂನ ಕೈರುಚಿಯ ಮೇಲೆ ಬದುಕುತ್ತಿದ್ದೆ. ಗಾರ್ಕಿಂಗ್‌ಗೆ ಬಂದ ಕನ್ನಡದ ಹುಡುಗ ಹುಡುಗಿಯರಲ್ಲಿ ಅವಳ ರೊಟ್ಟಿ ತಿನ್ನದವರು ಯಾರಿದ್ದಾರೆ? ಅಂಥ ಕಾಕೂಗೆ ಈ ಸಲದ ಚಳಿಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಕೊಂಡುಹೋಯಿತು. ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು. ಏನು ತಿಂದರೂ ರಟ್ಟು ಅಗಿದಂತೆ ಎಂದು ಅವಳು ಮೊದಲು ಊಟ ಬಿಟ್ಟಳು. ಆಮೇಲೆ ಅಡುಗೆ ಬಿಟ್ಟಳು. ಆಮೇಲೆ ಮಾತೂ ಕಡಿಮೆಯಾಯಿತು. ರವಿಕೆಗಳು ಜೋಲತೊಡಗಿದವು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಂದು ದಿನ ನಿಂಬೆಹಣ್ಣು ನೆಕ್ಕಿ, ಹುಳಿ ಮಾತ್ರ ಒಂದಿಷ್ಟು ಗೊತ್ತಾಗುತ್ತದೆ ಎಂದಳು. ಗೋಡೆಗೆ ಮುಖ ಮಾಡಿ ಮಲಗುತ್ತ, "ಪುಂಡಿಪಲ್ಯಾ ಇದ್ದಿದ್ರ ಎರಡು ತುತ್ತು ಉಣ್ತಿದ್ದೆ" ಎಂದಳು. ಕಾಕಾ ಮ್ಯೂನಿಕ್‌ನ ಇಂಡಿಯನ್ ಅಂಗಡಿಗಳನ್ನೆಲ್ಲ ತಿರುಗಿ ಪುಂಡಿಸೊಪ್ಪಿನ, ಅಂದರೆ ಗೋಂಗುರದ, ಉಪ್ಪಿನಕಾಯಿ ಬಾಟಲಿ ತಂದ. ಬರೀ ಎಣ್ಣೆ ಎಂದು ಅವಳು ಪಕ್ಕಕ್ಕೆ ಸರಿಸಿದಳು.

ಫೆಬ್ರವರಿಯಲ್ಲಿ ಕಾಕಾ ಸಂಬಂಧಿಕರ ಗೃಹಪ್ರವೇಶಕ್ಕೆಂದು ಊರಿಗೆ ಹೋಗಿಬಂದ. ಹೆಂಡತಿಯನ್ನು ಈ ಸ್ಥಿತಿಯಲ್ಲಿ ಬಿಟ್ಟು ಯಾರದೋ ಮನೆ ನೋಡಲು ಹೋಗುತ್ತಾನಲ್ಲ ಎಂದು ನನಗೆ ಸಿಟ್ಟು. ಕರೆತರಲು ವಿಮಾನ ನಿಲ್ದಾಣಕ್ಕೆ ಹೋದರೆ ಆ ಕೊರೆಯುವ ಚಳಿಯಲ್ಲೂ ಹಣೆಯ ಮೇಲೆ ಬೆವರು! ಬೆಂಚಿನ ಮೇಲೆ ಕುಸಿದು ನೀರು ಬೇಡಿದ. ಪ್ರಯಾಣದ ದಣಿವು ಎಂದುಕೊಂಡೆ.

ಮಾರ್ಚಿನಲ್ಲಿ ಹೀಟರಿನ ಮೇಲಿನ ಕಿಟಕಿಯ ಕಟ್ಟೆಯಲ್ಲಿ ಮೊಳಕೆ ಕಂಡವು. ಪುಂಡಿ! ಬೀಜ ಎಲ್ಲಿಯದು ಎಂದೆ. "ಸಿಕ್ತು" ಎಂದ. ಬಿಸಿಲು ಬಂದ ಮೇಲೆ ಕುಂಡಗಳು ಬಾಲ್ಕನಿಗೆ ಹೋದವು. ಪುಂಡಿ ಎಲೆ ನೋಡಿದ್ದೀರಲ್ಲ? ಐದು ಬೆರಳು, ಅಂಚಿಗೆ ಗರಗಸದ ಹಲ್ಲು. ಗಾಂಜಾ ಎಲೆಯ ಸಾಕ್ಷಾತ್ ತದ್ರೂಪು! ಮೊದಲಾಗಿದ್ದರೆ ಗಾರ್ಕಿಂಗ್‌ನಲ್ಲಿ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಕಾನೂನು ಬಂದ ಮೇಲೆ ಪತ್ರಿಕೆಗಳಲ್ಲಿ ಆ ಎಲೆಯ ಚಿತ್ರ ನೋಡಿ ನೋಡಿ ಊರಿನವರೆಲ್ಲ ಪಂಡಿತರಾಗಿದ್ದರು. ಅದನ್ನರಿತ ಕಾಕಾ ಮಾಡಿದ್ದೇನು? ಮೂರು ಸಸಿ ಉಳಿಸಿ ಮಿಕ್ಕದ್ದನ್ನೆಲ್ಲ ಕಿತ್ತು, ಶಿಸ್ತಾಗಿ ಹಸಿ ಕಸದ ಡಬ್ಬಿಗೆ ಹಾಕಿದ. "ಇದು ಪುಂಡಿ ಕಾಕಾ, ಮೂವತ್ತು ಬೆಳೆದರೂ ಯಾರೂ ಕೇಳುವಂತಿಲ್ಲ" ಎಂದು ಬಾಯಿ ಬಡಿದುಕೊಂಡೆ. ನೋಡಿದವರು ಎಣಿಸುತ್ತಾರೆ ಎಂದಷ್ಟೇ ಹೇಳಿದ. ಮೂರು ಗಿಡದ ಸೊಪ್ಪು ಒಂದು ಪಲ್ಯಕ್ಕೆ ಸಾಕಾಗಲು ಆಗಸ್ಟ್ ತನಕ ಕಾಯಬೇಕು. ಅಲ್ಲಿಯವರೆಗೆ ಕಾಕೂ?

ನೋಡಿದವರು ಎಣಿಸಿಯೇ ಎಣಿಸಿದರು. ಎದುರು ಕಟ್ಟಡದ ಅಜ್ಜಿ, ಹಕ್ಕಿ ನೋಡುವ ದುರ್ಬೀನಿನಲ್ಲಿ ನಮ್ಮ ಬಾಲ್ಕನಿ ನೋಡಿದಳು. ಜೂನ್‌ನಲ್ಲಿ ಇಬ್ಬರು ಪೊಲೀಸರು ಬಾಗಿಲಿಗೆ ಬಂದರು. ಒಂದೇ ಮಾತಿನಲ್ಲಿ ಮುಗಿಸೋಣವೆಂದು ನಾನು ಬಾಯಿ ತೆರೆದೆ. ಕಾಕಾ ನನ್ನ ಕಾಲು ತುಳಿದ! ಜೀವಮಾನದಲ್ಲಿ ಒಂದು ಇರುವೆಯನ್ನೂ ತುಳಿಯದವನು! ಆಮೇಲೆ ಅಚ್ಚ ಜರ್ಮನ್‌ನಲ್ಲಿ ಶುರುಮಾಡಿದ: ಕೇಂದ್ರದ ಕಾನೂನು ಮೂರು ಗಿಡಕ್ಕೆ ಒಪ್ಪಿಗೆ ಕೊಟ್ಟಿದೆ. ಇಲ್ಲಿರುವುದು ಮೂರು. ತಾವು ದಯವಿಟ್ಟು ಎಣಿಸಬೇಕು. ಪೊಲೀಸರು ಎಣಿಸಿದರು. ಬವೇರಿಯಾದ ಮುಖ ಒಂದಿಷ್ಟು ಸಪ್ಪಗಾಯಿತು. ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ ಎಂದು ಹೇಳಿ ಹೊರಟರು. ಕಾಕಾ ಅವತ್ತೇ ಬಾಲ್ಕನಿಗೆ ಬೀಗ ಜಡಿದ. ಪುಂಡಿಪಲ್ಯಕ್ಕೆ ಬೀಗ! ನಮ್ಮ ವಂಶದಲ್ಲಿ ಚಿನ್ನಕ್ಕೂ ಇಷ್ಟು ಕಾವಲು ಇದ್ದದ್ದಿಲ್ಲ.

ಅವರು ಮೆಟ್ಟಿಲಿಳಿದ ಮೇಲೆ ನಾನು ಹಾರಾಡಿದೆ. ಗಾಂಜಾ ಎಂದು ಯಾಕೆ ಸುಳ್ಳು ಹೇಳಿದೆ? "ಗಾಂಜಾ ಅಂತ ನಾ ಎಲ್ಲಿ ಅಂದೆ?" ಎಂದ. ಹೌದಲ್ಲ! ಕೇಂದ್ರದ ಒಪ್ಪಿಗೆ ನಿಜ, ಗಿಡ ಮೂರಿರುವುದೂ ನಿಜ. ಹಾಗಾದರೆ ಪುಂಡಿ ಎಂದು ಯಾಕೆ ಹೇಳಲಿಲ್ಲ? ಕಾಕಾ ಕನ್ನಡಕ ತೆಗೆದು ಒರೆಸತೊಡಗಿದ.

"ಪುಂಡಿ ಅಂದ್ರ, ಬೀಜ ಎಲ್ಲಿಂದ ತಂದ್ರಿ ಅಂತ ಕೇಳ್ತಾರವಾ. ಊರಿಂದ ಕಾಗದಪತ್ರ ಇಲ್ಲದ ಬೀಜ ತರಬಾರದು. ಕಾಲಚೀಲದಾಗ ಇಟ್ಕೊಂಡು ಹಸಿರು ಬಾಗಲದಿಂದ ಬಂದೆ."

ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ, ತಿಳಿಸುವಂಥದ್ದು ಏನೂ ಇಲ್ಲ ಎನ್ನುವವರು ಹೊರಬರುವ ಬಾಗಿಲು ಅದು. ಖಾಲಿ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ಆ ಬಾಗಿಲಿನ ಆಚೆಯಿಂದ ಈಚೆಗೆ ಹೇಗೆ ನಡೆದು ಬಂದನೋ! ಗೃಹಪ್ರವೇಶ ಬರೀ ನೆಪ. ಫೆಬ್ರವರಿಯ ಆ ಬೆವರು ನನಗೆ ಅವತ್ತು ಅರ್ಥವಾಯಿತು. ಗಾಂಜಾ ಬೆಳೆಯುವವ ಎನ್ನಿಸಿಕೊಳ್ಳಲು ಸಿದ್ಧ, ಪುಂಡಿ ಬೆಳೆಯುವವ ಎನ್ನಿಸಿಕೊಳ್ಳಲು ಹೆದರಿಕೆ.

ಸುದ್ದಿ ಕನ್ನಡಿಗರಲ್ಲೂ ಹರಡಿತು. ಡ್ರೆಸ್ಡೆನ್‌ನಿಂದ ಬಂದ ಬೆಂಗಳೂರಿನ ಇಂಜಿನಿಯರ್ ಒಬ್ಬ ಕಾಕಾನ ಕಾಲಿಗೆ ಬೀಳುವುದೊಂದು ಬಾಕಿ. ಬವೇರಿಯಾದಲ್ಲಿದ್ದುಕೊಂಡು ಇಷ್ಟು ಧೈರ್ಯವೇ ಎಂದು ಬೆರಗಾಗಿ, ಒಂದೇ ಒಂದು ಎಲೆ ಬೇಡಿದ. ಕಾಕಾ ಜೀವ ಬಿಗಿಹಿಡಿದು ಒಂದು ಎಲೆ ಕಿತ್ತುಕೊಟ್ಟ. ಅದನ್ನು ಅಗಿದು, ಹುಳಿಗೆ ಮುಖ ಕಿವುಚಿ, ಕಣ್ಣು ಮುಚ್ಚಿ ಕೂತವನು ನನ್ನ ಕಡೆ ವಾಲಿ, "ತಲೆ ಹಗುರ ಆಗ್ತಿದೆ ಗುರು" ಎಂದು ಪಿಸುಗುಟ್ಟಿದ. ಹುಡುಗಿ ಎನ್ನುವುದೂ ಮರೆತುಹೋಗಿತ್ತು ಪಾಪ! ಕಾಕಾನಿಗೆ ಮಾತ್ರ ಹೋದ ಆ ಎಲೆಯದೇ ಸಂಕಟ.

ಆಗಸ್ಟ್ ಬಂತು. ಬೀಗ ತೆಗೆದು ಸೊಪ್ಪು ಬಿಡಿಸಿದೆವು. ಕಾಕಾನೇ ಒಲೆಯ ಮುಂದೆ ನಿಂತು ತೊಗರಿಬೇಳೆ, ನುಚ್ಚು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿದ. ನಾನು ಬಡಿದ ರೊಟ್ಟಿ ಭಾರತದ ನಕಾಶೆಯಂತಿತ್ತು, ಲಂಕೆ ಸಮೇತ. ಕಾಕೂ ಮನಸ್ಸಿಲ್ಲದ ಮನಸ್ಸಿನಿಂದ ಬಂದು ಕೂತಳು. ಮೊದಲ ತುತ್ತು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದಳು.

"ಹುಳಿ ಅದ" ಎಂದಳು. ಎರಡನೆಯ ತುತ್ತು ನುಂಗಿ, "ಉಪ್ಪ ಹಾಕಿಲ್ಲ" ಎಂದಳು.

ನಾನೂ ನಾಲಿಗೆಗಿಟ್ಟು ನೋಡಿದೆ: ನಿಜಕ್ಕೂ ಉಪ್ಪಿರಲಿಲ್ಲ. ತಿಂಗಳುಗಟ್ಟಲೆ ಆ ಮನೆಯಲ್ಲಿ ಯಾರೂ ಅಡುಗೆಯನ್ನು ಬೈದಿರಲಿಲ್ಲ! ಕಾಕಾ ಉಪ್ಪಿನ ಡಬ್ಬಿಗೆಂದು ಎದ್ದವನು ಡಬ್ಬಿ ಎಲ್ಲಿದೆ ಎಂಬುದನ್ನೇ ಮರೆತು ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತ.

"ಬೀಜ ಎಲ್ಲಿಂದ ತಂದ್ರಿ?" ಎಂದಳು ಕಾಕೂ.

"ಅಂಗಡ್ಯಾಗ ಸಿಕ್ತು."

ಪೊಲೀಸರಿಗೂ ಸುಳ್ಳು ಹೇಳದವನ ಸುಳ್ಳು ಅದು. ಕಾಕೂ ಅವನ ಬೆನ್ನನ್ನೇ ನೋಡಿದಳು. "ಹಿಡದಿದ್ರ ಏನ್ ಮಾಡ್ತಿದ್ರಿ?" ಎಂದು ಮೆಲ್ಲಗೆ ಕೇಳಿದಳು. ಎರಡು ತುತ್ತು ಉಣ್ಣುತ್ತಿದ್ದೆ ಎಂದಿದ್ದವಳು ಮೂರನೆಯದಕ್ಕೆ ರೊಟ್ಟಿ ಮುರಿದಳು. ಕಾಕಾ ತಿರುಗಿ ನೋಡಿದ. ನಾಲ್ಕನೆಯದಕ್ಕೂ ಮುರಿದಳು. ಆಮೇಲೆ ನಮ್ಮ ಕಾಕಾ ಎಣಿಸುವುದನ್ನು ಬಿಟ್ಟುಬಿಟ್ಟ.